ಕೆಂಪು ಪೆನ್ಸಿಲಿನ ಏಳು ಗುರುತು

ಕಲ್ಯಾಣಪುರದ ಮ್ಯಾಗ್ಡಲಿನ್ ಟೀಚರು ಮೂವತ್ತೊಂದು ವರ್ಷ ಮಕ್ಕಳ ಕಾಪಿ ತಿದ್ದಿದವರು. ನಿವೃತ್ತಿಯಾದ ಮೇಲೆ ತಿದ್ದಲು ಉಳಿದದ್ದು ಗಂಡ ಕಜೆಟನ್ ಒಬ್ಬರೇ. ಕಾರ್ಕಳದ ಬಸ್ಸು ಓಡಿಸಿ ಸವೆದ ಆ ಮನುಷ್ಯನಿಗೆ 2003ರಲ್ಲಿ ಮಣಿಪಾಲದಲ್ಲಿ ಹೃದಯದ ಬೈಪಾಸ್ ಆಗಬೇಕೆಂದು ತೀರ್ಮಾನವಾಯಿತು.

“ರಕ್ತ ತೆಳು ಮಾಡುವ ಈ ಮಾತ್ರೆ ಏಳು ದಿನ ಮೊದಲೇ ನಿಲ್ಲಬೇಕು. ಇಲ್ಲದಿದ್ದರೆ ಆಪರೇಶನ್ ಆದ ಮೇಲೆ ರಕ್ತ ನಿಲ್ಲುವುದಿಲ್ಲ,” ಎಂದರು ಡಾಕ್ಟರು.

ಟೀಚರಿಗೆ ಅಷ್ಟು ಸಾಕು. ಮಾತ್ರೆಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು. ಇಗರ್ಜಿಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕೆಂಪು ಗುರುತು ಹಾಕುತ್ತ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಗಂಡನನ್ನು ಕಾದರು. ನಾಲ್ಕನೆಯ ಗುರುತಿನ ದಿನ ನಾದಿನಿ ಅಪೊಲೋನಿಯಾ ಅಣ್ಣನಿಗೆಂದು ಕಾಪುವಿನಿಂದ ಹಂದಿ ಪದಾರ್ಥ ಹೊತ್ತು ತಂದಳು. ಕಜೆಟನ್ ಎರಡೆರಡು ಸಲ ಬಡಿಸಿಕೊಂಡರು, ಮೂರು ಸಂಜೆ ಹೊಟ್ಟೆ ಉಬ್ಬರಿಸಿ ಒದ್ದಾಡಿದರು. ಟೀಚರು ನಾದಿನಿಯನ್ನು ಬೈದುಕೊಳ್ಳುತ್ತಲೇ, ಮಗ ಕಾರ್ಲ್ಟನ್ ಮಸ್ಕತ್ತಿನಿಂದ ತಂದಿಟ್ಟ ಸೋಡಾ ಮಾತ್ರೆಯನ್ನು ನೀರಿಗೆ ಹಾಕಿ ಕುಡಿಸಿದರು.

ಆಪರೇಶನ್ ಸಲೀಸಾಗಿ ಮುಗಿಯಿತು. ಆದರೆ ಎದೆಗೆ ಸಿಕ್ಕಿಸಿದ ನಳಿಕೆಯಿಂದ ರಕ್ತ ಇಳಿಯುವುದು ನಿಲ್ಲಲಿಲ್ಲ. ಹೀಗೇ ಹೋದರೆ ಎದೆಯನ್ನು ಮತ್ತೆ ಬಿಚ್ಚಬೇಕಾದೀತು ಎಂದ ಡಾಕ್ಟರು, ಬೇರೆ ಔಷಧಿ ಏನಾದರೂ ಕೊಟ್ಟಿದ್ದೀರಾ ಎಂದು ಎರಡನೆಯ ಸಲ ಕೇಳಿದಾಗ ಟೀಚರ ಮೈಯೆಲ್ಲ ಉರಿಯಿತು.

“ಒಂದೂ ಇಲ್ಲ. ಬೇಕಾದರೆ ಕ್ಯಾಲೆಂಡರ್ ತರಿಸುತ್ತೇನೆ.”

ಇಷ್ಟೆಲ್ಲ ಕಾದರೂ ಹೀಗಾಯಿತಲ್ಲ ಎಂಬ ಸಿಟ್ಟು ಯಾರ ಮೇಲಾದರೂ ಬೀಳಬೇಕಲ್ಲ. ಜಪಸರ ಹಿಡಿದು ನಿಂತಿದ್ದ ಅಪೊಲೋನಿಯಾ ಸಿಕ್ಕಿದಳು.

“ರಕ್ತ ತೆಳು ಮಾಡುವ ನಿನ್ನ ಆ ಬೆಳ್ಳುಳ್ಳಿ ಕಷಾಯ ಕದ್ದು ಕುಡಿಸಿದ್ದೀ ಅಲ್ವಾ? ಅಣ್ಣನ ಜೀವ ತೆಗೆಯಲಿಕ್ಕೆ ಬಂದದ್ದಾ? ಹೋಗು ಇಲ್ಲಿಂದ.”

ಅಪೊಲೋನಿಯಾ ಮೆಟ್ಟಿಲಿಳಿದು ಹೋದಳು.

ಕೂಗಾಡಿದ ಟೀಚರಿಗೇ ಎದೆಯುರಿ ಶುರುವಾಯಿತು. ಬ್ಯಾಗಿನಿಂದ ಅದೇ ಸೋಡಾ ಮಾತ್ರೆಯ ಡಬ್ಬಿ ತೆಗೆದು ನರ್ಸ್ ಗ್ಲ್ಯಾಡಿಸಳಲ್ಲಿ ನೀರು ಕೇಳಿದರು. ಗ್ಲ್ಯಾಡಿಸ್ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದಳು.

“ಇದನ್ನು ಅವರಿಗೂ ಕೊಟ್ಟಿದ್ದೀರಾ ಟೀಚರ್?”

“ಅದು ಔಷಧಿ ಅಲ್ಲ, ಬರೇ ಸೋಡಾ. ಮೂರು ದಿನ ಕೊಟ್ಟೆ.”

“ಇದರಲ್ಲಿ ಆಸ್ಪಿರಿನ್ ಉಂಟು ಟೀಚರ್. ನಿಲ್ಲಿಸಿ ಅಂತ ಹೇಳಿದ ಮಾತ್ರೆಯೂ ಅದೇ.”

ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಊರಿನ ಮಕ್ಕಳ ಕಿವಿ ಹಿಂಡಿದವರು ಒಂದು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಎನಿಸಿತು ಅವರಿಗೆ. ಕಾರಣ ತಿಳಿದ ಡಾಕ್ಟರು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಏರಿಸಿದರು. ಸಂಜೆಯೊಳಗೆ ರಕ್ತ ನಿಂತಿತು, ಎದೆ ಬಿಚ್ಚಬೇಕಾಗಲಿಲ್ಲ. ಆದರೆ ರಕ್ತ ನಿಲ್ಲುವ ಮೊದಲೇ, ಏರಿಸಿದ್ದಕ್ಕೆ ಬದಲಿಯಾಗಿ ಆಸ್ಪತ್ರೆಗೆ ರಕ್ತ ಕೊಡುವವರನ್ನು ಹುಡುಕುತ್ತ ಟೀಚರು ಕೆಳಗೆ ಬ್ಲಡ್ ಬ್ಯಾಂಕಿಗೆ ಇಳಿದರು.

ಯಾರೂ ಕರೆಯದೆಯೇ ಬಂದ ಅಪೊಲೋನಿಯಾ ಅಲ್ಲಿ ಮಂಚದ ಮೇಲೆ ಮಲಗಿದ್ದಳು. ತೋಳಿಗೆ ಸೂಜಿ ಚುಚ್ಚಿತ್ತು. ಅತ್ತಿಗೆಯನ್ನು ಕಂಡು ಏಳಲು ಹೊರಟಳು.

“ದೇವರಾಣೆ, ನಾನು ಎಂತದೂ ಕೊಡಲಿಲ್ಲ ಅತ್ತಿಗೆ.”

“ಗೊತ್ತುಂಟು, ಮಲಗು. ಕೊಟ್ಟದ್ದು ನಾನು.”

ಅಪೊಲೋನಿಯಾ ಮುಖ ಆಚೆ ತಿರುಗಿಸಿದಳು. ರಕ್ತ ಬೇಗ ಇಳಿಯಲಿ ಎಂದು ಮುಷ್ಟಿ ಹಿಸುಕುವುದನ್ನು ಮಾತ್ರ ನಿಲ್ಲಿಸಲಿಲ್ಲ.