ತರೀಕೆರೆ ದಾರಿಯ ಹಿಟ್ ಅಂಡ್ ರನ್

ಕಡೂರು ಬಿಟ್ಟಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಅಜ್ಜಂಪುರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆವು. ಬೀರೂರಿನಿಂದ ನೇರ ದಾರಿಯಿದೆ. ಆದರೆ ಅವಳು ತರೀಕೆರೆಯಲ್ಲಿ ರಿಪೇರಿಗೆ ಕೊಟ್ಟಿದ್ದ ಕನ್ನಡಕ ತರಬೇಕಿತ್ತು, ಹಾಗಾಗಿ ಸುತ್ತಿನ ದಾರಿ ಹಿಡಿದೆವು. ಸ್ಕೂಟರ್ ಓಡಿಸುತ್ತಿದ್ದವರು ನನ್ನ ಯಜಮಾನರು. ಬೀರೂರಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಚಟ್ನಿ ಖಾರವಾಗಿತ್ತು, ಚೆನ್ನಾಗಿಯೂ ಇತ್ತು.

ತರೀಕೆರೆ ಇನ್ನೇನು ಬಂತು ಅನ್ನುವಾಗ, ನಮ್ಮ ಮುಂದಿದ್ದ ಬಿಳಿ ಕಾರು ಒಂದು ಮೊಪೆಡ್ಡಿಗೆ ತಾಗಿತು. ಮೊಪೆಡ್ ಮಗುಚಿತು. ಹಿಂದೆ ಕಟ್ಟಿದ್ದ ಚೀಲ ಹರಿದು ತೆಂಗಿನಕಾಯಿಗಳು ರಸ್ತೆ ತುಂಬ ಉರುಳಿದವು. ಕಾರು ಒಂದು ಕ್ಷಣ ನಿಧಾನವಾಗಿ, ಆಮೇಲೆ ಹೊರಟೇ ಹೋಯಿತು.

ಬಿದ್ದವರು ಎಪ್ಪತ್ತರ ಆಸುಪಾಸಿನ ಅಜ್ಜ. "ನಿಲ್ಸಿ, ನಿಲ್ಸಿ" ಎಂದೆ.

"ಸಾಕ್ಷಿ ಅಂತ ಅಲೆದಾಡಿಸ್ತಾರೆ ಕಣೇ" ಎಂದರು ಯಜಮಾನರು. ಹಾಗೆನ್ನುತ್ತಲೇ ಗಾಡಿಗೆ ಸ್ಟ್ಯಾಂಡ್ ಹಾಕಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿ, ಬರುವ ಗಾಡಿಗಳಿಗೆ ಕೈ ಬೀಸುತ್ತ ರಸ್ತೆಯ ನಡುವೆ ನಿಂತರು. ನಾನು ಸೆರಗು ಹಿಡಿದು ಅಜ್ಜನ ಮುಖಕ್ಕೆ ನೆರಳು ಮಾಡಿದೆ. ಅವರು ನನ್ನ ಕೈ ಬಿಡಲೇ ಇಲ್ಲ.

ಆಂಬುಲೆನ್ಸಿನ ಹಿಂದೆಯೇ ನಾವೂ ತರೀಕೆರೆಯ ಆಸ್ಪತ್ರೆಗೆ ಹೋದೆವು. ಡಾಕ್ಟರು ನೋಡಿದರು. ಕಾಲಿನ ಮೂಳೆ ಮುರಿದಿತ್ತು, ಜೀವಕ್ಕೆ ಭಯವಿರಲಿಲ್ಲ. ಅಷ್ಟರಲ್ಲಿ ಬಂದ ಪೊಲೀಸಿನವರು ನಮ್ಮನ್ನು ಕೇಳಿದರು: "ಹಿಟ್ ಅಂಡ್ ರನ್ನಾ?"

ಅಜ್ಜ ಕಣ್ಣು ಬಿಟ್ಟರು. "ಅದು ನಮ್ ಮೊಮ್ಮಗಳು ಬೀದೀಲಿ ಆಡೋ ಕ್ರಿಕೆಟ್ ಅಲ್ವೇನಪ್ಪಾ? ಬ್ಯಾಟಿಗೆ ಬಾಲು ತಾಕಿದ್ರೆ ಸಾಕು, ಓಡ್ಲೇಬೇಕು ಅಂತಾಳೆ."

"ಇದಕ್ಕೂ ಅದೇ ಹೆಸ್ರು ಅಜ್ಜ. ಗುದ್ಬಿಟ್ಟು, ನಿಲ್ಲಿಸ್ದೆ ಓಡೋಗೋದು" ಎಂದರು ಪೊಲೀಸಿನವರು.

"ಅದ್ರಲ್ಲಿ ಓಡ್ದೆ ಇದ್ರೆ ತಪ್ಪು, ಇದ್ರಲ್ಲಿ ಓಡಿದ್ರೆ ತಪ್ಪು" ಎಂದು ಅಜ್ಜ ನಗಲು ಹೋಗಿ, ನೋವಿಗೆ ಹಲ್ಲು ಕಚ್ಚಿದರು.

ನಾವು ಹೊರಡಲು ಎದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತರ ವಯಸ್ಸಿರಬಹುದು. ಕಾರಿನ ಕೀಲಿ ಮುಷ್ಟಿಯಲ್ಲಿತ್ತು. "ಗುದ್ದಿದ್ದು ನಾನೇ ಸರ್. ಜನ ಸೇರಿ ಹೊಡೀತಾರೆ ಅಂತ ಹೆದರ್ಕೊಂಡು ಹೋಗ್ಬಿಟ್ಟೆ. ಊರು ದಾಟಿದ್ಮೇಲೆ ಮುಂದಕ್ಕೆ ಓಡ್ಸೋಕೆ ಆಗ್ಲಿಲ್ಲ."

"ಕೇಸಂತೂ ಆಗುತ್ತೆ ಮೇಡಂ" ಎಂದರು ಪೊಲೀಸಿನವರು, ದನಿ ಏರಿಸದೆ.

ಅಜ್ಜ ಅವಳತ್ತ ತಿರುಗಿದರು. "ಹಿಂದ್ಗಡೆ ಲಾರಿ ಬಂದಿದ್ರೆ ನನ್ ಗತಿ ಏನಾಗ್ತಿತ್ತು?" ಅವಳು ಬಿಕ್ಕಿದಳು. ಅಜ್ಜ ಜೇಬು ತಡಕಿ, ಗಾಜು ಒಡೆದ ಫೋನನ್ನು ಅವಳತ್ತ ಚಾಚಿದರು. "ಅಳ್ಬೇಡ. ನಮ್ಮೋಳು ಮನೇಲಿ ದಾರಿ ಕಾಯ್ತಾವ್ಳೆ. ನನ್ ಕೈಲಿ ಹೇಳಕ್ಕಾಗಲ್ಲ. ನೀನೇ ಹೇಳು."

ಕನ್ನಡಕದ ಅಂಗಡಿ ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕುವ ಮುಂಚೆ ತಲುಪಬೇಕಿತ್ತು, ಆಮೇಲೆ ಅಜ್ಜಂಪುರದ ದಾರಿ. ಹೊರಗೆ ಕಾಲಿಡುವಾಗ ತಿರುಗಿ ನೋಡಿದೆ. ಅವಳು ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತು, ಎರಡೂ ಕೈಗಳಿಂದ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು.

"ಅಮ್ಮಾ, ನಾನ್ಯಾರು ಅಂತ ನಿಮಗೆ ಗೊತ್ತಾಗಲ್ಲ" ಎನ್ನುತ್ತಿದ್ದಳು. "ನೀವು ಬರೋವರೆಗೂ ನಾನು ಇಲ್ಲೇ ಇರ್ತೀನಿ."