ಮೇಷ್ಟ್ರ ಸಾಯದ ನೊಣಗಳು

ಮೊನ್ನೆ ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿಗೆ ಸಣ್ಣ ನೊಣಗಳು ಮುತ್ತಿದ್ದವು. ಆ ಹುಳಿವಾಸನೆಗೆ ಚನ್ನಗಿರಿಯಲ್ಲಿ ಓದುವಾಗ ಇಂಥವೇ ನೊಣ ಸಾಕುತ್ತಿದ್ದ ಪ್ರಯೋಗಶಾಲೆ ನೆನಪಾಯಿತು, ಜೊತೆಗೆ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರೂ... ನೆನಪಿಟ್ಟುಕೊಳ್ಳುವಂಥ ಮನುಷ್ಯರೇನಲ್ಲ, ಆದರೂ ನೆನಪಾದರು.

ನಿವೃತ್ತರಾದ ಮೇಲೆ ಅವರು ನ್ಯಾಮತಿಯಲ್ಲಿ ಅಂಗಡಿ ಹಾಕಿ ಆಂಟಿಆಕ್ಸಿಡೆಂಟ್ ಜ್ಯೂಸ್ ಮಾರತೊಡಗಿದರು. ಉಸಿರಾಡಿದ ಆಮ್ಲಜನಕದಲ್ಲೇ ಒಂದಿಷ್ಟು ಪುಂಡಾಟಕ್ಕಿಳಿದು ಜೀವಕೋಶಗಳನ್ನು ಕೆಡಿಸುತ್ತದೆ, ಮುಪ್ಪು ಬರುವುದೇ ಅದರಿಂದ, ತಮ್ಮ ಜ್ಯೂಸ್ ಅದರ ಸೊಕ್ಕಡಗಿಸುತ್ತದೆ ಎಂದು ಭಾಷಣ ಬಿಗಿಯುತ್ತಿದ್ದರು. ಅರ್ಧ ವಿಜ್ಞಾನ, ಉಳಿದದ್ದು ಬೊಗಳೆ. ಸಾಕ್ಷಿಗೆ ಮೇಜಿನ ಮೇಲೆ ನೊಣ ತುಂಬಿದ ಎರಡು ಗಾಜಿನ ಶೀಶೆ. ಒಂದರಲ್ಲಿ ಜ್ಯೂಸ್ ಬೆರೆಸಿದ ಬಾಳೆಹಣ್ಣಿನ ಗಂಜಿ, ಇನ್ನೊಂದರಲ್ಲಿ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ. ಹತ್ತಿಯ ಶೀಶೆಯಲ್ಲಿ ನೊಣಗಳು ಸತ್ತು ಬಿದ್ದಿರುತ್ತಿದ್ದವು. ಜ್ಯೂಸಿನ ಶೀಶೆ ಯಾವಾಗ ಹೋದರೂ ಗಿಜಿಗುಡುತ್ತಿತ್ತು. ತ್ಯಾವಣಿಗೆ, ನಲ್ಲೂರಿನಿಂದೆಲ್ಲ ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ನನ್ನ ದೊಡ್ಡವ್ವನೂ ನೋಡಿ ಬಂದಳು. ಸಕ್ಕರೆ ಕಾಯಿಲೆಯ ಮಾತ್ರೆ ಎತ್ತಿಟ್ಟು ಜ್ಯೂಸ್ ಹಿಡಿದಳು. ನನಗೆ ಮೈಯೆಲ್ಲ ಉರಿದು ಅಂಗಡಿಗೇ ಹೋದೆ. ಗಂಜಿಯಲ್ಲಿ ನೊಣ ಮೊಟ್ಟೆಯಿಡುತ್ತದೆ, ವಾರ ಹತ್ತು ದಿನಕ್ಕೆ ಹೊಸವು ಹಾರುತ್ತವೆ, ಬರೀ ಸಕ್ಕರೆ ನೀರಿನ ಹತ್ತಿಯಲ್ಲಿ ಮರಿ ಬೆಳೆಯುವುದಿಲ್ಲ, ಆಯಸ್ಸು ನೋಡಬೇಕಾದರೆ ಹಳೆಯವನ್ನು ಬೇರೆ ಶೀಶೆಗೆ ಬಿಡುತ್ತಿರಬೇಕು... ಇದನ್ನು ನಮಗೆ ಕಲಿಸಿದವರೇ ಅವರು.

“ಸಾರ್, ಇವು ಆ ನೊಣ ಅಲ್ಲ, ಅವುಗಳ ಮೊಮ್ಮಕ್ಕಳು,” ಎಂದೆ.

“ನಂಗೊತ್ತಿಲ್ವೇನಪ್ಪ? ಜನಕ್ಕೆ ನಂಬಾಕೆ ಕಣ್ಣಿಗೆ ಕಾಣೋದು ಏನಾರ ಬೇಕು,” ಎಂದು ನಕ್ಕರು.

ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದ್ದೂ ಮಾಡಿದ ಆ ನಗು ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ.

ದೊಡ್ಡವ್ವನಿಗೆ ಬಿಡಿಸಿ ಹೇಳಿದೆ. ನಿನಗೆ ಪಾಠ ಹೇಳಿದವರಿಗೇ ತಪ್ಪು ಹೇಳುವಷ್ಟಾದೆಯಾ ಎಂದು ನನ್ನನ್ನೇ ಗದರಿದಳು. ಮಳೆಗಾಲ ಮುಗಿಯುವುದರೊಳಗೆ ಕಿಡ್ನಿ ಕೈಕೊಟ್ಟಿತು. ದಾವಣಗೆರೆಯ ಆಸ್ಪತ್ರೆಗೆ ಹೋದವಳು ಜೀವಂತ ಮರಳಲಿಲ್ಲ. ಮಣ್ಣಿಗೆ ಬಂದ ಮೇಷ್ಟ್ರು, ಜ್ಯೂಸ್ ಕುಡಿದದ್ದಕ್ಕೇ ಇಷ್ಟು ದಿನ ಬದುಕಿದಳು ಎಂದು ಹೇಳಿ ಹೋದರು.

ಈಗ ಅವರೂ ಇಲ್ಲ. ಸುದ್ದಿ ಕೇಳಿ ನನಗೆ ಅಯ್ಯೋ ಅನ್ನಿಸಲಿಲ್ಲ. ಅಂಗಡಿಯನ್ನು ಅವರ ಅಳಿಯ ನಡೆಸುತ್ತಾನೆ, ಅಲ್ಲಿಯೂ ಶೀಶೆಗಳಿವೆಯಂತೆ. ಈ ಸಲದ ಹಿರಿಯರ ಹಬ್ಬಕ್ಕೆ, ಸತ್ತವರು ಇಷ್ಟಪಟ್ಟದ್ದನ್ನೆಲ್ಲ ಎಡೆಗಿಡುವಾಗ, ದೊಡ್ಡವ್ವನ ಮಗಳು ಹೋಳಿಗೆಯ ಪಕ್ಕ ಅದೇ ಜ್ಯೂಸಿನ ಬಾಟಲಿ ಇಟ್ಟಳು. ಇದನ್ನೇಕೆ ಇಟ್ಟೆ ಎಂದೆ.

“ಅವ್ವಗೆ ಇದ್ರ ಮ್ಯಾಲೆ ಭಾಳ ನಂಬಿಕೆ ಇತ್ತಲ್ಲಣ್ಣ.”

ದೊಡ್ಡವ್ವನ ಫೋಟೋಗೆ ಎಲ್ಲರ ಜೊತೆ ಬಗ್ಗಿ ಕೈ ಮುಗಿದೆ. ಆ ಬಾಟಲಿಗೂ ಮುಗಿದಂತಾಯಿತು.