ಹೊಳೆ ನೋಡಿ ಬರುವ ಕೆಲಸ

ಘಟ್ಟದ ಬುಡದ ಈ ರಬ್ಬರ್ ತೋಟದಲ್ಲಿ ಆಕಾಶ ನೋಡಿ ಏನೂ ಪ್ರಯೋಜನವಿಲ್ಲ. ಇಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ ಮೇಲೆ ಕಾಡಿನಲ್ಲೆಲ್ಲೋ ಮಳೆ ಸುರಿದು ಹೊಳೆ ಏರಿಬಿಡುತ್ತದೆ. ಟ್ಯಾಪಿಂಗ್ ಮುಗಿಸಿ, ಮರಕ್ಕೆ ಕಟ್ಟಿದ ಗೆರಟೆಗಳಿಗೆ ರಬ್ಬರ್ ಹಾಲು ಇಳಿಯುತ್ತಿರುವಾಗ ಮಳೆ ಹೊಡೆದರೆ ಬೆಳಗಿನ ದುಡಿಮೆಯೆಲ್ಲ ನೀರುಪಾಲು. ಮಳೆಗೆ ಬೈದು ಬೈದು ನನ್ನ ನಾಲಿಗೆ ಸವೆದಿದೆ. ಪುತ್ತೂರಿನಲ್ಲಿರುವ ಧಣಿಗಳು ಮೊಬೈಲ್ ನೋಡಿ, "ಇವತ್ತು ಮಳೆ ಇಲ್ಲ" ಎನ್ನುತ್ತಾರೆ. ಅವರ ಮೊಬೈಲಿಗೆ ನಮ್ಮ ಕಾಡಿನ ಗುರುತಿಲ್ಲ.

ಹಾಲು ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ನನ್ನ ಗಂಡನ ಕಿಡ್ನಿ ಎರಡೂ ಕೆಟ್ಟಿದ್ದವು. ವಾರಕ್ಕೆರಡು ಸಲ ಪುತ್ತೂರಿಗೆ ಡಯಾಲಿಸಿಸ್‌ಗೆ ಹೋಗಲೇಬೇಕು. ಹೊಳೆ ದಾಟಿದರೆ ಆಚೆ ಜೀಪು, ಕಡಬದ ದಾರಿಯಾಗಿ ಆಸ್ಪತ್ರೆ. ದಾಟದಿದ್ದರೆ ಬೇರೆ ದಾರಿಯೇ ಇಲ್ಲ.

ಮೇ ಕೊನೆಗೆ ಪತ್ತನಾಜೆ ಕಳೆದ ಮೇಲೆ, ಮಳೆ ಹಿಡಿಯುವ ಮೊದಲು, ಹೊಳೆ ದಾಟಲು ಅಡಿಕೆ ಮರದ ಕಾಲುಸಂಕ ಹಾಕುವುದು ನಮ್ಮ ಕಡೆಯ ಕ್ರಮ. ಕೋಲ, ಬಯಲಾಟ ಎಲ್ಲ ಮುಗಿದು ಊರವರ ಕೈ ಬಿಡುವಾಗುವುದೇ ಆಗ. ಆ ವರ್ಷ ಮಳೆ ಪತ್ತನಾಜೆಗೆ ಕಾಯಲಿಲ್ಲ. ಕಡಿದಿಟ್ಟ ಮರಗಳು ದಂಡೆಯಿಂದಲೇ ತೇಲಿಹೋದವು. "ನೀರು ಇಳಿಯಲಿ, ನೋಡುವ" ಎಂದರು ಎಲ್ಲರೂ. ನೀರು ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಸಂಕ ಆಗಲೇ ಇಲ್ಲ.

ಹೊಳೆ ನೋಡಿ ಬರುವ ಕೆಲಸ ನನ್ನ ಗಂಡನದಾಯಿತು. ನಾನು ಹಾಲು ಒಟ್ಟುಮಾಡುವ ಹೊತ್ತಿಗೆ ಅವರು ಕೊಡೆ ಊರಿಕೊಂಡು ಮೆಲ್ಲ ಇಳಿದು ಹೋಗಿ ಬರುತ್ತಿದ್ದರು. ದಾಟಬಹುದೆಂದರೆ ನಾನು ಜೀಪಿನವನಿಗೆ ಫೋನು ಮಾಡುವುದು.

ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಹೊಳೆ ನೋಡಿ ಬಂದವರು, "ನೀರು ಬಂದಿದೆ ಮಾರಾಯ್ತಿ, ಇವತ್ತು ಆಗ್ಲಿಕ್ಕಿಲ್ಲ" ಎಂದರು. ಮರುದಿನವೂ ಅದೇ ಮಾತು. ಅವರ ಮುಖ, ಕಾಲು ಎಲ್ಲ ಬಾತುಕೊಂಡಿತ್ತು. ಹೊಳೆಗೆ ನಾಲ್ಕು ಮಾತು ಬೈದಾದರೂ ಬರೋಣವೆಂದು ನಾನೇ ಇಳಿದು ಹೋದೆ. ನೀರಿನ ತಳದ ಮರಳು ಕಾಣುತ್ತಿತ್ತು.

"ಎಂತ ಸುಳ್ಳು ಇದು?" ಎಂದೆ ಮನೆಗೆ ಓಡಿ ಬಂದು. "ಮೊಣಕಾಲು ಸಹ ಮುಳುಗುದಿಲ್ಲ ಅಲ್ಲಿ!"

ಅವರು ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. "ನನಗೆ ಸಾಕಾಯ್ತು. ಹೊಳೆ ಬಿಡ್ಲಿಲ್ಲ ಅಂತ ಆದ್ರೆ ನಿನ್ನನ್ನು ಯಾರೂ ದೂರುದಿಲ್ಲ" ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಯುವುದಕ್ಕೂ ನನ್ನ ಮರ್ಯಾದೆಯ ಚಿಂತೆ ಈ ಮನುಷ್ಯನಿಗೆ! ರಟ್ಟೆ ಹಿಡಿದು ಎಬ್ಬಿಸಿ ಹೊಳೆ ದಾಟಿಸಿದೆ. ಜೀಪಿನವನಿಗೆ ಫೋನು ಮಾಡಿ ಪುತ್ತೂರಿಗೆ ಕರೆದುಕೊಂಡು ಹೋದೆ. ಡಯಾಲಿಸಿಸ್ ಮುಗಿಸಿ ಹಿಂದೆ ಬರುವಾಗ ಅವರಿಗೆ ಉಸಿರು ಹಗುರಾಗಿತ್ತು. ಕಡಬದಲ್ಲಿ ಜೀಪು ನಿಲ್ಲಿಸಿದಾಗ ನನ್ನ ಚಾದ ಗ್ಲಾಸಿನಿಂದಲೇ ಒಂದು ಗುಟುಕು ಕುಡಿದು, "ಇನ್ನು ನೀನೇ ನೋಡಿ ಬಾ" ಎಂದರು. ಮದುವೆಯಾದಂದಿನಿಂದ ಅಷ್ಟು ಸಂತೋಷ ನನಗೆ ಆದದ್ದಿಲ್ಲ.

ಮುಂದಿನ ಸಲ ಅವರೇ ಒಗೆದ ಅಂಗಿ ಹಾಕಿ, ಚೀಲ ಹಿಡಿದು ತಯಾರಾಗಿ ಕೂತರು. ನಾನು ಹೋಗಿ ನೋಡಿದರೆ ಹೊಳೆ ಕೆಂಪಾಗಿ ದಂಡೆ ಮೀರಿ ಹರಿಯುತ್ತಿತ್ತು, ಬೇರು ಸಮೇತ ಮರಗಳು ಉರುಳಿ ಹೋಗುತ್ತಿದ್ದವು. ಬಂದು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಸರಿಯಾಗಿ ನೋಡಿದ್ದಿಯಾ? ಇನ್ನೊಮ್ಮೆ ನೋಡಿ ಬಾ."

ಮಳೆ ಬಿಡಲಿಲ್ಲ. ಕರೆಂಟು ಹೋಯಿತು, ಫೋನು ಸತ್ತಿತು. ಬದುಕಬೇಕೆಂಬ ಆಸೆ ಅವರಿಗೆ ಎಲ್ಲಿತ್ತೋ, ಎಲ್ಲ ಈಗ ಹೊರಗೆ ಬಂತು. ಒಂದೊಂದು ಉಸಿರನ್ನೂ ಎಳೆದೆಳೆದು ತೆಗೆಯುತ್ತ, "ಈಗ ಇಳಿದಿರ್ಬಹುದು, ನೋಡಿ ಬಾ" ಎನ್ನುತ್ತಿದ್ದರು. ಪ್ರತಿ ಸಲವೂ ಓಡಿದೆ. ದಂಡೆಯಲ್ಲಿ ನಿಂತು ಅತ್ತೆ. ಹೊಳೆಗೆ ಕೈಮುಗಿದೆ. ಹಿಂದೆ ಬಂದು, "ಸ್ವಲ್ಪ ಇಳಿದಿದೆ" ಎಂದು ನಾನೇ ಸುಳ್ಳು ಹೇಳತೊಡಗಿದೆ.

"ಹಾಗಾದ್ರೆ ಹೊರಡುವ" ಎಂದು ಅವರು ಎದ್ದು ನಿಲ್ಲಲು ನೋಡಿದರು.